ಮೊಣಕಾಲು ಸವೆದಿರಲಿಲ್ಲ: ಕಲಬುರಗಿಯ ಸವಾರರೊಬ್ಬರ ಪ್ರಕರಣ

ಬಲ ಮೊಣಕಾಲಿನ ನೋವೆಂದು ಆ ದಾಲ್ ಮಿಲ್ ಮಾಲೀಕರು ನನ್ನ ಫಿಸಿಯೋಥೆರಪಿ ಕೊಠಡಿಗೆ ಬಂದಾಗ ರೋಗನಿರ್ಣಯವನ್ನೂ ಜೊತೆಗೇ ತಂದಿದ್ದರು. ಎಕ್ಸ್‌ರೇ ವರದಿಯಲ್ಲಿ ‘ಆರಂಭಿಕ ಸವೆತ’ ಎಂದಿತ್ತು. ಅದನ್ನು ನೋಡಿದವರೊಬ್ಬರು ಕುದುರೆ ಏರುವುದನ್ನೂ ನೆಲದ ಮೇಲೆ ಕೂರುವುದನ್ನೂ ಬಿಡಬೇಕೆಂದು ಹೇಳಿ, ಮೊಣಕಾಲಿಗೆ ಬಿಗಿಯಾದ ನೀಕ್ಯಾಪ್ ಹಾಕಿಸಿದ್ದರು. “ಕುದುರೆ ಮಾರಬೇಕೋ ಇಟ್ಟುಕೊಳ್ಳಬೇಕೋ, ಅಷ್ಟು ಹೇಳಿಬಿಡಿ ಮೇಡಮ್” ಎಂಬುದು ಅವರ ಮೊದಲ ಮಾತು.

ವಯಸ್ಸು 46, ತೂಕ 88 ಕಿಲೋ. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಕುದುರೆ ಸವಾರರ ಕಾಲುನೋವು ನಮ್ಮ ಕಡೆ ದಿನವೂ ನೋಡುವ ದೂರಲ್ಲ. ಆದ್ದರಿಂದಲೇ ಅದನ್ನು ಸಾಮಾನ್ಯ ಮೊಣಕಾಲು ನೋವಿನ ಲೆಕ್ಕಕ್ಕೆ ಸೇರಿಸಿ ಕಳುಹಿಸಿಬಿಡುವ ಸಾಧ್ಯತೆ ಹೆಚ್ಚು. ಈ ಪ್ರಕರಣದಲ್ಲಿ ನೋವಿನ ಕಾರಣಗಳಲ್ಲಿ ಅರ್ಧದಷ್ಟು ಕಾಲಿನಲ್ಲಿ ಇರಲೇ ಇಲ್ಲ. ಅವು ಜೀನಿನಲ್ಲಿ, ರಿಕಾಪಿನ (ಸವಾರ ಪಾದವಿಡುವ ಬಳೆಯ) ಪಟ್ಟಿಯಲ್ಲಿ, ಮೊಬೈಲಿನಲ್ಲಿ ಮತ್ತು ಆ ನೀಕ್ಯಾಪಿನಲ್ಲಿದ್ದವು.

ಕುದುರೆಯ ಪೂರ್ವೇತಿಹಾಸವನ್ನೂ ಕೇಳಬೇಕಾಯಿತು. ನಾಂದೇಡ್ ಜಿಲ್ಲೆಯ ಮಾಳೇಗಾಂವದಲ್ಲಿ ಖಂಡೋಬನ ಜಾತ್ರೆಯ ಹೊತ್ತಿಗೆ ಕುದುರೆಗಳ ದೊಡ್ಡ ಸಂತೆ ಸೇರುತ್ತದೆ. ಮಾರವಾಡಿ ತಳಿಯ ಲಕ್ಷಣವಿರುವ ಈ ಹೆಣ್ಣು ಕುದುರೆಯನ್ನು ಅವರು ಅಲ್ಲಿ ಕೊಂಡಿದ್ದರು. ಅದಕ್ಕೂ ಮೊದಲು ಅದು ಮದುವೆಯ ಮೆರವಣಿಗೆಗಳಲ್ಲಿ ವರನನ್ನು ಹೊತ್ತಿತ್ತು. ಮಾರಿದವರು ಲಗಾಮು ಮತ್ತು ಜೀನನ್ನೂ ಕೂಡಿಸಿ ಕೊಟ್ಟಿದ್ದರು. ಬೆಳಗ್ಗೆ ಮಿಲ್ಲು ತೆರೆಯುವ ಮುನ್ನ ಊರ ಹೊರಗಿನ ಹೊಲದ ದಾರಿಯಲ್ಲಿ ಸವಾರಿ. ತೊಗರಿ ಬರುವ ದಿನಗಳಲ್ಲಿ ಮಿಲ್ಲು ಬಿಟ್ಟು ಅಲುಗಾಡಲಾಗದೆ ಅದು ಪೂರ್ತಿ ನಿಂತಿತ್ತು. ಹಂಗಾಮಿನ ಭರ ಇಳಿದ ಮೇಲೆ ಹಿಂದಿನ ಬಾಕಿ ತೀರಿಸುವವರಂತೆ ಒಮ್ಮೆಲೇ ದಿನಕ್ಕೊಂದು ತಾಸು ಏರತೊಡಗಿದರು. ನೋವು ಶುರುವಾದದ್ದು ಆಗ.

ಕಲಿಸಿದವರು ಯಾರು ಎಂದು ಕೇಳಿದೆ. ಮೊಬೈಲ್ ತೋರಿಸಿದರು. ನಗು ಬಂತು, ಆದರೆ ಅವರನ್ನು ದೂರುವಂತಿಲ್ಲ. ನಮ್ಮ ಕಲಬುರಗಿ 1347ರಲ್ಲಿ ಬಹಮನಿಗಳ ರಾಜಧಾನಿಯಾದ ಊರು. ಆ ರಾಜ್ಯಕ್ಕೆ ಕುದುರೆಗಳು ಅರಬ್ಬಿ ಸಮುದ್ರ ದಾಟಿ ಬರುತ್ತಿದ್ದವು. ರಾಜಧಾನಿ ಬೀದರಿಗೆ ಹೋದ ಮೇಲೆ, ಹದಿನೈದನೆಯ ಶತಮಾನದಲ್ಲಿ, ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಕೂಡ ತಾನು ತಂದ ಗಂಡು ಕುದುರೆಯನ್ನು ಮಾರಿದ್ದು ಬೀದರಿನಲ್ಲೇ. ಅಂಥ ನೆಲದಲ್ಲಿ ಇಂದು ಕುದುರೆ ಕಾಣಿಸುವುದು ಬಹುಮಟ್ಟಿಗೆ ಬಾರಾತಿನಲ್ಲಿ ಮತ್ತು ಜಾತ್ರೆಯಲ್ಲಿ. ವಯಸ್ಕರನ್ನು ಕೂರಿಸಿ, ಮೊಣಕಾಲು ಎಲ್ಲಿರಬೇಕು, ಹಿಮ್ಮಡಿ ಎಲ್ಲಿರಬೇಕು ಎಂದು ತಿದ್ದುವವರು ಸುಲಭಕ್ಕೆ ಸಿಗುವುದಿಲ್ಲ. ಅವರು ನೋಡಿದ ವಿಡಿಯೋಗಳೆಲ್ಲ ಇಂಗ್ಲಿಷ್ ಶೈಲಿಯ ಸವಾರಿಯವು. ಕೂತಿದ್ದ ಜೀನು ಮಾತ್ರ ನಮ್ಮ ಸಂತೆಯದು. ಈ ಎರಡರ ನಡುವೆ ಸಿಕ್ಕಿದ್ದು ಅವರ ಮೊಣಕಾಲು.

ದೂರುಗಳು ಮತ್ತು ಮೇಜಿನ ಮೇಲಿನ ಪರೀಕ್ಷೆ

ಅವರು ಒಂದೇ ನೋವು ಎಂದು ಹೇಳಿದ್ದು ಬಿಡಿಸಿ ಕೇಳಿದಾಗ ನಾಲ್ಕಾಯಿತು. ಬಲ ಮೊಣಕಾಲಿನ ಮುಂಭಾಗ ಮತ್ತು ಹೊರಬದಿಯ ನೋವು ಏರಿದ ಇಪ್ಪತ್ತು ನಿಮಿಷಕ್ಕೆ ಶುರುವಾಗಿ, ಇಳಿಯುವಾಗ ಅತಿ ಹೆಚ್ಚಾಗುತ್ತಿತ್ತು. ಹತ್ತಕ್ಕೆ ಆರು ಎಂದು ಅಂಕ ಕೊಟ್ಟರು. ಎಡ ಒಳತೊಡೆಯಲ್ಲಿ ಸೆಳೆತವಿತ್ತು. ಎರಡೂ ಪಾದಗಳ ಬೆರಳಬುಡ ಮರಗಟ್ಟುತ್ತಿತ್ತು. ನಾಲ್ಕನೆಯದನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ: ಬಲ ಕಣಕಾಲಿನ ಹೊರಬದಿಯಿಂದ ಪಾದದ ಮೇಲ್ಭಾಗದವರೆಗೆ ಇರುವೆ ಹರಿದಂತೆ ಜುಮುಗುಡುವಿಕೆ.

ಮೊಣಕಾಲು ಊದಿರಲಿಲ್ಲ, ಪೂರ್ತಿ ಮಡಚುತ್ತಿತ್ತು, ಪೂರ್ತಿ ಚಾಚುತ್ತಿತ್ತು, ಪಕ್ಕಕ್ಕೆ ಒತ್ತಿದರೂ ಭದ್ರವಾಗಿತ್ತು. ಮಿಲ್ಲಿನ ಕಬ್ಬಿಣದ ಏಣಿಮೆಟ್ಟಿಲನ್ನು ದಿನವಿಡೀ ಹತ್ತಿ ಇಳಿಯುತ್ತಾರೆ, ಅಲ್ಲಿ ನೋವಿಲ್ಲ. ಮೂಳೆ ಸವೆದು ಬರುವ ನೋವು ಮೆಟ್ಟಿಲನ್ನು ಬಿಟ್ಟು ಕುದುರೆಯನ್ನೇ ಆರಿಸಿಕೊಳ್ಳುವುದಿಲ್ಲ. ನಲವತ್ತು ದಾಟಿದವರ ಎಕ್ಸ್‌ರೇಯಲ್ಲಿ ಇಂಥ ಸಣ್ಣ ಬದಲಾವಣೆ ಕಾಣಿಸುವುದು ಸಾಮಾನ್ಯ. ಅವರಲ್ಲಿ ಹಲವರಿಗೆ ನೋವಿನ ಪರಿಚಯವೇ ಇರುವುದಿಲ್ಲ. ವರದಿ ಸುಳ್ಳಲ್ಲ. ಅದು ಈ ನೋವಿಗೆ ಉತ್ತರವಲ್ಲ, ಅಷ್ಟೇ.

ಬೆನ್ನಿನಿಂದ ಇಳಿಯುವ ನರದ ನೋವಿರಬಹುದೇ ಎಂದು ಮಲಗಿಸಿ ಕಾಲೆತ್ತಿ ನೋಡಿದೆ, ಇರಲಿಲ್ಲ. ಮೀನಖಂಡಗಳ ಸುತ್ತಳತೆ ಎರಡೂ ಬದಿ ಒಂದೇ ಇತ್ತು, ಬಿಸಿಯಿರಲಿಲ್ಲ, ಒತ್ತಿದರೆ ನೋವೂ ಇರಲಿಲ್ಲ. ಪಾದ ಮರಗಟ್ಟುತ್ತದೆ ಎನ್ನುವ ಈ ವಯಸ್ಸಿನ ಯಾರನ್ನೂ ಸಕ್ಕರೆ ಪರೀಕ್ಷೆ ಇಲ್ಲದೆ ಬಿಡುವ ಧೈರ್ಯ ನನಗಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು. ಪಾದದ ಸ್ಪರ್ಶಜ್ಞಾನ ಸರಿಯಾಗಿತ್ತು, ಇಳಿದ ಹತ್ತು ನಿಮಿಷಕ್ಕೆ ಮರಗಟ್ಟುವಿಕೆ ಹೋಗುತ್ತಿತ್ತು. ಆದ್ದರಿಂದ ಇದು ಸಕ್ಕರೆಯ ಕೆಲಸ ಅಲ್ಲವೆಂದು ತೋರಿತು. ಆದರೂ ಆ ಸಂಖ್ಯೆಯನ್ನು ಅವರ ವೈದ್ಯರ ಗಮನಕ್ಕೆ ಕಳುಹಿಸಿದೆ.

ಮುಖ್ಯ ಸುಳಿವು ಸೊಂಟದ ಕೀಲಿನಲ್ಲಿ ಸಿಕ್ಕಿತು. ಎಡ ತೊಡೆ ಒಳಮುಖವಾಗಿ 30 ಡಿಗ್ರಿ ತಿರುಗಿದರೆ ಬಲ ತೊಡೆ 15ಕ್ಕೇ ನಿಲ್ಲುತ್ತಿತ್ತು. ಹೊರಮುಖವಾಗಿ ಮಾತ್ರ ಎರಡೂ ಧಾರಾಳವಾಗಿ ತಿರುಗುತ್ತಿದ್ದವು. ಹಗಲೆಲ್ಲ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ, ಬಲಗಾಲನ್ನು ಮೇಲಿಟ್ಟು ಲೆಕ್ಕ ನೋಡುವವರು ಅವರು. ಹೀಗೆ ಕೂರುವುದು ತಪ್ಪಲ್ಲ. ಆದರೆ ಈ ಸೊಂಟ ಕುದುರೆಯ ಮೇಲೆ ಕೂತಾಗ ಪಾದ ತಾನಾಗಿ ಹೊರಕ್ಕೆ ತಿರುಗುತ್ತದೆ. ವಿಡಿಯೋದವರು “ಪಾದ ನೇರ ಮುಂದಕ್ಕಿರಲಿ” ಎನ್ನುತ್ತಾರೆ. ಪಾದವನ್ನು ನೇರ ಮಾಡುವ ತಿರುವು ಸೊಂಟದಿಂದ ಬರಬೇಕು. ಅಲ್ಲಿ ಬಾರದಿದ್ದಾಗ ಅವರು ಮೊಣಕಾಲಿನ ಕೆಳಗಿನಿಂದ ತಿರುಚಿ ತರುತ್ತಿದ್ದರು. ಮೊಣಕಾಲು ಮಡಚಲೆಂದು ಇರುವ ಕೀಲು. ತಿರುಚುವಿಕೆಯನ್ನು ಅದು ಒಂದು ತಾಸು ಸಹಿಸುವುದಿಲ್ಲ.

ಜುಮುಗುಡುವಿಕೆಯ ವಿಷಯವನ್ನು ಅಲ್ಲಿಯೇ ಮುಗಿಸಿದೆ. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಒಂದು ಮೂಳೆಯ ಗುಬ್ಬಿಯಿದೆ. ಪಾದವನ್ನು ಮೇಲೆತ್ತಿಸುವ ನರ ಅದನ್ನು ಸುತ್ತಿಕೊಂಡು ಚರ್ಮದ ತೀರಾ ಹತ್ತಿರ ಹಾದುಹೋಗುತ್ತದೆ. ನೀಕ್ಯಾಪಿನ ಕೆಳ ಅಂಚು ಕರಾರುವಾಕ್ಕಾಗಿ ಅದರ ಮೇಲೆ ಕೂತಿತ್ತು. ಮಡಚಿದ ಮೊಣಕಾಲು, ಬಿಗಿಯಾದ ಪ್ಯಾಂಟು, ಹೊರಗಿನಿಂದ ರಿಕಾಪಿನ ಪಟ್ಟಿ. ನೀಕ್ಯಾಪ್ ಯಾವಾಗ ಕೊಂಡಿರಿ, ಜುಮುಗುಡುವುದು ಯಾವಾಗ ಶುರುವಾಯಿತು ಎಂದು ಕೇಳಿದೆ. ಕೊಂಡ ವಾರದಲ್ಲೇ. ತೆಗೆಸಿದೆ, ಮುಂದಿನ ವಾರದೊಳಗೆ ಅದು ನಿಂತಿತು. ನೋವಿಗೆಂದು ಕೊಂಡ ವಸ್ತುವೇ ಹೊಸ ನೋವು ತಂದಾಗ ಯಾರೂ ಅದನ್ನು ಅನುಮಾನಿಸುವುದಿಲ್ಲ.

ಬಯಲಿನಲ್ಲಿ

ಉಳಿದದ್ದನ್ನು ಕೊಠಡಿಯಲ್ಲಿ ಕಂಡುಹಿಡಿಯಲು ಸಾಧ್ಯವಿರಲಿಲ್ಲ. ಬಿಸಿಲು ಏರುವ ಮೊದಲು ಅವರು ಸವಾರಿ ಮಾಡುವ ಜಾಗಕ್ಕೆ ಹೋಗಿ, ಹಿಂದಿನಿಂದ ಮತ್ತು ಬದಿಯಿಂದ ನೋಡಿದೆ, ಮೊಬೈಲಿನಲ್ಲಿ ಚಿತ್ರೀಕರಿಸಿದೆ. ಹಿಂದಿನಿಂದ ಕಂಡದ್ದು ಸೊಂಟಪಟ್ಟಿ. ಅದು ಎಡಕ್ಕೆ ವಾಲಿತ್ತು. ಎಡ ಭುಜವೂ ಕೆಳಗಿತ್ತು.

ಕುದುರೆಯನ್ನು ನಿಲ್ಲಿಸಿ ಎರಡೂ ರಿಕಾಪಿನ ಪಟ್ಟಿಗಳನ್ನು ಬಿಚ್ಚಿ ನೆಲದ ಮೇಲೆ ಒಂದರ ಪಕ್ಕ ಒಂದಿಟ್ಟೆವು. ಒಂದೇ ತೂತಿನಲ್ಲಿ ಕಟ್ಟುತ್ತಿದ್ದ ಪಟ್ಟಿಗಳು, ಎಡಗಡೆಯದು ಮೂರು ಸೆಂಟಿಮೀಟರ್ ಉದ್ದ. ಎಲ್ಲರೂ ಎಡದಿಂದಲೇ ಏರುತ್ತಾರೆ. 88 ಕಿಲೋ ಭಾರ ನೆಲದಿಂದ ಮೇಲೇಳುವಾಗ ಪ್ರತಿ ಸಲವೂ ಆ ಒಂದೇ ಚರ್ಮದ ಪಟ್ಟಿಯನ್ನು ಎಳೆಯುತ್ತದೆ. ಉದ್ದವಾದ ಎಡ ರಿಕಾಪನ್ನು ತಲುಪಲು ಅವರು ಎಡಕ್ಕೆ ಜಾರುತ್ತಿದ್ದರು, ಒಳತೊಡೆ ಹಿಡಿದುಕೊಳ್ಳುತ್ತಿತ್ತು. ಆಗ ಬಲಗಡೆಯ ರಿಕಾಪು ಇದ್ದುದಕ್ಕಿಂತ ಗಿಡ್ಡವಾಗಿ, ಬಲ ಮೊಣಕಾಲು ಇನ್ನಷ್ಟು ಮಡಚಿಕೊಳ್ಳುತ್ತಿತ್ತು. ಮೊಣಕಾಲು ಹೆಚ್ಚು ಮಡಚಿದಷ್ಟೂ ಚಿಪ್ಪು ತೊಡೆಮೂಳೆಗೆ ಒತ್ತುವುದು ಹೆಚ್ಚು. ಅದಕ್ಕೆ ತಿರುಚುವಿಕೆಯೂ ಸೇರಿದರೆ ಇಪ್ಪತ್ತು ನಿಮಿಷ ಸಾಕು.

ಬದಿಯಿಂದ ನೋಡಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಆ ಜೀನಿನಲ್ಲಿ ರಿಕಾಪು ತೂಗುವ ಕೊಂಡಿ ಬಹಳ ಮುಂದಿತ್ತು. ಕಾಲು ಮುಂದೆ ಚಾಚಿ, ಹಿಂದಕ್ಕೆ ಒರಗಿ, ಕದಲದೆ ಕೂರುವ ಸವಾರಿಗೆ ಅದು ಒಪ್ಪುತ್ತದೆ. ವಿಡಿಯೋದವರು ಕಲಿಸಿದ್ದು ಕುಲುಕೋಟದ, ಅಂದರೆ ಕುದುರೆ ಕುಲುಕುತ್ತಾ ಓಡುವ ನಡೆಯ, ತಾಳಕ್ಕೆ ಎದ್ದು ಕೂರುವುದನ್ನು. ಅದಕ್ಕೆ ಹಿಮ್ಮಡಿ ಸೊಂಟದ ಕೆಳಗೇ ಇರಬೇಕು. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿ ಬರಬೇಕು. ಹಿಮ್ಮಡಿ ಗೇಣುದ್ದ ಮುಂದಿದ್ದರೆ ಪಾದದ ಮೇಲೆ ನಿಲ್ಲಲಾಗದು. ಮೊಣಕಾಲಿನಿಂದ ಜೀನನ್ನು ಅವುಚಿ ದೇಹವನ್ನು ಜಗ್ಗಿ ಎಬ್ಬಿಸಬೇಕಾಗುತ್ತದೆ. ಪ್ರತಿ ಎರಡನೆಯ ಹೆಜ್ಜೆಗೂ ಅವರು ಅದನ್ನೇ ಮಾಡುತ್ತಿದ್ದರು. ‘ಹಿಮ್ಮಡಿ ಕೆಳಗೆ’ ಎಂಬ ಸೂತ್ರವನ್ನು ಬಲವಂತವಾಗಿ ಪಾಲಿಸಿ ಕಣಕಾಲನ್ನೂ ಬಿಗಿ ಹಿಡಿದಿದ್ದರಿಂದ, ಕುದುರೆಯ ಕುಲುಕು ಕಣಕಾಲಿನಲ್ಲಿ ಇಂಗದೆ ನೇರ ಮೊಣಕಾಲಿಗೆ ಏರುತ್ತಿತ್ತು.

ಕುದುರೆ ನೋಡಿಕೊಳ್ಳುವ ವೃದ್ಧರು ಅಷ್ಟು ಹೊತ್ತು ಮರದ ಕೆಳಗೆ ಸುಮ್ಮನೆ ನಿಂತಿದ್ದರು. “ನಿಮಗೇನು ಅನಿಸುತ್ತದೆ ಚಾಚಾ?” ಎಂದು ಕೇಳಿದೆ.

“ಇದು ರೇವಾಲ್ ನಡೆಯ ಕುದುರೆ, ಮೇಡಮ್. ಸಾಹೇಬರು ಇದನ್ನು ದುಲ್ಕಿಗೆ ಎಳೆಯುತ್ತಾರೆ. ಇದಕ್ಕೂ ಆಗುವುದಿಲ್ಲ, ಅವರಿಗೂ ಆಗುವುದಿಲ್ಲ.”

ಈ ಒಂದು ಮಾತಿಗೆ ನಾನು ಶುಲ್ಕ ಕೊಡಬೇಕಿತ್ತು. ದುಲ್ಕಿ ಎಂದರೆ ಅದೇ ಕುಲುಕೋಟ. ಮಾರವಾಡಿ ಕುದುರೆಗಳಲ್ಲಿ ಹಲವಕ್ಕೆ ಹುಟ್ಟಿನಿಂದಲೇ ರೇವಾಲ್ ಎಂಬ ಸಮ ನಡೆ ಇರುತ್ತದೆ. ಅದರಲ್ಲಿ ಸವಾರ ಮೇಲೆ ಕೆಳಗೆ ಕುಲುಕುವುದು ತೀರಾ ಕಡಿಮೆ, ಎದ್ದು ಕೂರುವ ಅಗತ್ಯವೇ ಇಲ್ಲ. ಮಾಲೀಕರು ಕುದುರೆಯ ಆ ನಡೆಯನ್ನು ದೋಷವೆಂದು ತಿಳಿದು ಲಗಾಮಿನಿಂದ ತಿದ್ದುತ್ತಿದ್ದರು. ಚಾಚಾ ಇದನ್ನು ಅವರಿಗೆ ಮೊದಲೇ ಏಕೆ ಹೇಳಿರಲಿಲ್ಲ ಎಂದರೆ, ಅವರನ್ನು ಯಾರೂ ಕೇಳಿರಲಿಲ್ಲ.

ಅವರು ಇನ್ನೊಂದನ್ನೂ ತೋರಿಸಿದರು. ಜೀನು ತೆಗೆದು, ಅಯಾಲು ಮುಗಿಯುವಲ್ಲಿನ ಬೆನ್ನುಬ್ಬಿನ ಬಲಬದಿಯ ಮೇಲೆ ಕೈಯಿಟ್ಟರು. ಕುದುರೆ ಚರ್ಮ ನಡುಗಿಸಿ ಕಿವಿ ಹಿಂದಕ್ಕೆ ಮಾಡಿತು. ಅಲ್ಲಿ ರೂಪಾಯಿ ನಾಣ್ಯದಷ್ಟಗಲ ಕೂದಲು ಬೆಳ್ಳಗಾಗಿತ್ತು. ಸವಾರ ಎಡಕ್ಕೆ ಜಾರಿದಾಗ ಜೀನಿನ ಚೌಕಟ್ಟು ಉಬ್ಬನ್ನು ಬಲಬದಿಯಿಂದ ಒತ್ತುತ್ತದೆ. ನೋವು ತಪ್ಪಿಸಲು ಕುದುರೆ ಬೆನ್ನನ್ನು ಓರೆ ಮಾಡಿ ನಡೆಯುತ್ತದೆ. ಓರೆಯಾದ ಬೆನ್ನು ಸವಾರನನ್ನು ಇನ್ನಷ್ಟು ಎಡಕ್ಕೆ ತಳ್ಳುತ್ತದೆ.

ಇಲ್ಲಿಂದ ಮುಂದಿನದು ನನ್ನ ವಿದ್ಯೆಯ ಆಚೆಗಿನದು, ಪಶುವೈದ್ಯರನ್ನು ಕರೆಸಿದೆವು. ಎದೆಯ ಸುತ್ತಳತೆ 168, ದೇಹದ ಉದ್ದ 152 ಸೆಂಟಿಮೀಟರ್. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿದರೆ ಕುದುರೆಯ ತೂಕ ಅಂದಾಜಿಗೆ ಸಿಗುತ್ತದೆ: ಇಲ್ಲಿ 361 ಕಿಲೋ. ಸವಾರ ಮತ್ತು ಜೀನು ಸೇರಿ 97 ಕಿಲೋ, ಅಂದರೆ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು. ಐದನೇ ಒಂದು ಭಾಗದ ಆಸುಪಾಸಿನಲ್ಲಿರಲಿ ಎಂಬುದು ಕುದುರೆ ಬಲ್ಲವರು ಸಾಮಾನ್ಯವಾಗಿ ಪಾಲಿಸುವ ಮಿತಿ. ಮಾಲೀಕರ ಮುಖ ಸಣ್ಣದಾಯಿತು. ಅಷ್ಟು ಹೊತ್ತಿನಲ್ಲಿ ಅವರಿಗೆ ನಿಜವಾಗಿ ನಾಟಿದ್ದು ಈ ಲೆಕ್ಕ ಎಂದು ನನ್ನ ಅನಿಸಿಕೆ. ಸಕ್ಕರೆಯ 6.1ಕ್ಕೆ ಅವರು ಇಷ್ಟು ಕಳವಳಪಟ್ಟಿರಲಿಲ್ಲ.

ಮಾಡಿದ ಬದಲಾವಣೆಗಳು

ಕುದುರೆಯ ಬೆನ್ನು ವಾಸಿಯಾಗುವವರೆಗೆ ಏರುವಂತಿಲ್ಲ ಎಂದು ಪಶುವೈದ್ಯರು ಹೇಳಿದ್ದು ನನಗೆ ಅನುಕೂಲವಾಯಿತು. ನಾನೇ ಹೇಳಿದ್ದರೆ ಅವರು ಕೇಳುತ್ತಿರಲಿಲ್ಲ. ಆ ಬಿಡುವಿನಲ್ಲಿ ವ್ಯಾಯಾಮ ಶುರುವಾಯಿತು: ಮಲಗಿ ಸೊಂಟ ಎತ್ತುವುದು, ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನಿಧಾನ ಎತ್ತಿ ಇಳಿಸುವುದು, ಗಿಡ್ಡ ಮೆಟ್ಟಿಲಿನಿಂದ ಒಂದೇ ಕಾಲಿನ ಮೇಲೆ ಇಳಿಯುವುದು, ಒಂದು ಮೊಣಕಾಲೂರಿ ತೊಡೆಯ ಮುಂಭಾಗವನ್ನು ಚಾಚುವುದು. ಗಾದಿಯ ಮೇಲೆ ಕೂರುವುದನ್ನು ಬಿಡಿಸಲಿಲ್ಲ. ಅರ್ಧ ತಾಸಿಗೊಮ್ಮೆ ಮೇಲಿನ ಕಾಲು ಬದಲಿಸುವುದು, ಗಂಟೆಗೊಮ್ಮೆ ಎದ್ದು ಮಿಲ್ಲಿನಲ್ಲಿ ಒಂದು ಸುತ್ತು ಬರುವುದು, ಇಷ್ಟಕ್ಕೇ ಒಪ್ಪಂದವಾಯಿತು.

ರಿಕಾಪಿಗೆ ಹೊಸ ಪಟ್ಟಿ ಬಂದವು. ತಿಂಗಳಿಗೊಮ್ಮೆ ಎಡಬಲ ಅದಲುಬದಲು ಮಾಡಬೇಕೆಂದು ಚಾಚಾಗೆ ಹೇಳಿದೆವು. ಉದ್ದದ ಅಂದಾಜಿಗೆ ಹಳೆಯ ಅಳತೆಯೇ ಸಾಕು: ಬೆರಳ ತುದಿಯನ್ನು ಕೊಂಡಿಗೆ ಮುಟ್ಟಿಸಿ ಪಟ್ಟಿಯನ್ನು ತೋಳಿನುದ್ದಕ್ಕೆ ಹಿಡಿದರೆ ರಿಕಾಪಿನ ತಳ ಕಂಕುಳಿಗೆ ತಲುಪಬೇಕು. ಏರಿದ ಮೇಲೆ ಕಾಲುಗಳನ್ನು ಸಡಿಲ ಇಳಿಬಿಟ್ಟಾಗ ಅದು ಕಣಕಾಲಿನ ಗಂಟಿಗೆ ತಾಗಬೇಕು. ಮೊಣಕಾಲು ನೋವಿದ್ದವರು ಒಂದು ತೂತು ಉದ್ದ ಬಿಟ್ಟು ನೋಡಬಹುದು. ಅದಕ್ಕಿಂತ ಹೆಚ್ಚು ಬಿಟ್ಟರೆ ಬೆರಳ ತುದಿಯಿಂದ ಹುಡುಕಬೇಕಾಗಿ ನೋವು ಒಳತೊಡೆಗೆ ದಾಟುತ್ತದೆ.

ಪಾದ ಮರಗಟ್ಟುವುದಕ್ಕೆ ಕಾರಣ ಸರಳವಾಗಿತ್ತು. ಬಿಗಿಯಾಗಿ ಕಟ್ಟಿದ, ಅಗಲ ತಳದ ಕ್ರೀಡಾ ಬೂಟು, ಅದಕ್ಕೆ ಸಾಲದಷ್ಟು ಕಿರಿದಾದ ಕಬ್ಬಿಣದ ರಿಕಾಪು. ಬೂಟಿನ ಅತ್ಯಂತ ಅಗಲ ಭಾಗಕ್ಕಿಂತ ರಿಕಾಪು ಎರಡು ಸೆಂಟಿಮೀಟರಿನಷ್ಟು ಹೆಚ್ಚು ಅಗಲವಿರಬೇಕು. ನೋವಿಗಿಂತ ಇದರಲ್ಲಿ ಅಪಾಯ ದೊಡ್ಡದು. ಬಿದ್ದಾಗ ಪಾದ ಸಿಕ್ಕಿಕೊಂಡರೆ ಕುದುರೆ ಸವಾರನನ್ನು ಎಳೆದೊಯ್ಯುತ್ತದೆ. ಹಿಮ್ಮಡಿಯೇ ಇಲ್ಲದ ಬೂಟಾದರೆ ಪಾದ ಪೂರ್ತಿ ಒಳಗೆ ಜಾರುತ್ತದೆ. ಸಣ್ಣ ಹಿಮ್ಮಡಿಯ ಚರ್ಮದ ಬೂಟು, ಅಗಲ ರಿಕಾಪು ತಂದರು. ನಡಿಗೆಯಲ್ಲಿದ್ದಾಗ ಕಾಲು ಗಂಟೆಗೊಮ್ಮೆ ಪಾದ ಹೊರತೆಗೆದು ಕಣಕಾಲು ತಿರುಗಿಸುವುದು ರೂಢಿಯಾಯಿತು. ಜೀನ್ಸ್ ಪ್ಯಾಂಟಿನ ಒಳಹೊಲಿಗೆ ಬೇಸಿಗೆಯ ಬೆವರಿನಲ್ಲಿ ಮೊಣಕಾಲಿನ ಒಳಬದಿಯ ಚರ್ಮ ಸುಲಿಯುತ್ತಿತ್ತು. ಒಳಬದಿಗೆ ಹೊಲಿಗೆ ಬಾರದಂತೆ ದರ್ಜಿಯಿಂದ ಹತ್ತಿಯ ಪ್ಯಾಂಟು ಹೊಲಿಸಿದ ಮೇಲೆ ಆ ತಕರಾರು ಮುಗಿಯಿತು.

ಏರಲು ಶಹಾಬಾದ ಕಲ್ಲಿನ ಚಪ್ಪಡಿಗಳನ್ನು ಜೋಡಿಸಿ ಮೊಣಕಾಲೆತ್ತರದ ಕಟ್ಟೆ ಮಾಡಿಸಿದರು, ನುಣುಪು ಬದಿ ಕೆಳಗೆ, ಒರಟು ಬದಿ ಮೇಲೆ. ಮಿಲ್ಲಿನ ಅಂಗಳದಲ್ಲಿ ಉಳಿದಿದ್ದ ಕಲ್ಲು, ಒಂದು ದಿನದ ಗಾರೆ ಕೆಲಸ. ಪಟ್ಟಿ ಎಳೆಯುವುದು, ಜೀನು ಓರೆಯಾಗುವುದು, ಕುದುರೆಯ ಬೆನ್ನು ತಿರುಚುವುದು, ಮೂರಕ್ಕೂ ಒಂದೇ ಮದ್ದು. ಇಡೀ ಪ್ರಕರಣದಲ್ಲಿ ಅತಿ ಅಗ್ಗದ ಚಿಕಿತ್ಸೆ ಇದೇ. ಇಳಿಯುವಾಗ ಎರಡೂ ಪಾದ ಬಿಡಿಸಿಕೊಂಡು, ಹೊಟ್ಟೆಯ ಮೇಲೆ ಜಾರಿ, ಮೊಣಕಾಲು ಸಡಿಲವಾಗಿ ಮಡಚಿ ನೆಲ ಮುಟ್ಟುವುದನ್ನು ಚಾಚಾ ಕಲಿಸಿದರು.

ಮತ್ತೆ ಏರಿದಾಗ ಮೊದಲ ವಾರ ನಡಿಗೆ ಮಾತ್ರ, ಇಪ್ಪತ್ತು ನಿಮಿಷ. ಅನಂತರ ವಾರಕ್ಕೆ ಐದೈದು ನಿಮಿಷ ಹೆಚ್ಚಳ. ಕುಲುಕೋಟ ಬೇಡ, ಕುದುರೆ ತನ್ನ ರೇವಾಲಿನಲ್ಲೇ ಹೋಗಲಿ, ಬಲ ಪಾದ ಸ್ವಲ್ಪ ಹೊರಕ್ಕೆ ತಿರುಗಿದ್ದರೆ ಹಾಗೆಯೇ ಇರಲಿ ಎಂದೆ. ಇದನ್ನು ಒಪ್ಪಿಸುವುದೇ ಕಷ್ಟವಾಯಿತು. ವಿಡಿಯೋದಲ್ಲಿ ಕಂಡ ಪಾದದಂತೆ ತಮ್ಮ ಪಾದ ಕಾಣುವುದಿಲ್ಲವೆಂಬ ಕೊರಗು ಅವರಿಗೆ ಇಂದಿಗೂ ಇದೆ.

ಫಲಿತಾಂಶ

ಸವಾರಿ ಮರುಪ್ರಾರಂಭವಾದ ಆರನೆಯ ವಾರಕ್ಕೆ ಮೊಣಕಾಲಿನ ನೋವು ಹತ್ತಕ್ಕೆ ಒಂದಕ್ಕೆ ಇಳಿದಿತ್ತು. ಮರಗಟ್ಟುವಿಕೆ ಇಲ್ಲ. ತೂಕ 83 ಕಿಲೋ. ಅದಕ್ಕೆ ನನ್ನ ವ್ಯಾಯಾಮಕ್ಕಿಂತ 361ರ ಲೆಕ್ಕ ಕಾರಣ. ಎಡ ಒಳತೊಡೆಯ ಸೆಳೆತ ಮಾತ್ರ ನಲವತ್ತು ನಿಮಿಷ ದಾಟಿದರೆ ಮರಳುತ್ತದೆ.

ಇದನ್ನು ಓದಿ ಎಲ್ಲ ಕಾಲುನೋವನ್ನೂ ರಿಕಾಪಿನ ಮೇಲೆ ಹಾಕಬಾರದು. ಹೊಸದಾಗಿ ಏರಿದವರಿಗೆ ಎರಡು ಮೂರು ದಿನ ಎರಡೂ ತೊಡೆ ಸಮನಾಗಿ ನೋಯುವುದು ಸ್ನಾಯುವಿನ ಸಹಜ ದಣಿವು. ಒಂದೇ ಮೀನಖಂಡ ಊದಿ ಬಿಸಿಯಾಗುವುದು, ಬಿದ್ದ ಮೇಲೆ ಕಾಲೂರಲು ಆಗದಿರುವುದು, ಪಾದ ಎತ್ತಲು ಬಾರದೆ ಎಳೆಯುವುದು ಕಂಡರೆ ಅದೇ ದಿನ ವೈದ್ಯರನ್ನು ನೋಡಬೇಕು. ಬೆನ್ನುನೋವಿನೊಂದಿಗೆ ತೊಡೆಸಂದಿಯ ಸ್ಪರ್ಶ ಮಂಕಾದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಬೆಳಗಾಗುವುದನ್ನೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಉಳಿದಿರುವುದು ಜೀನು. ಕುದುರೆಯ ಬೆನ್ನುಬ್ಬಿನ ಮೇಲೆ ಬಾಗುವ ತಂತಿಯನ್ನು ಒತ್ತಿ, ಆ ಆಕಾರವನ್ನು ಕಾಗದದ ಮೇಲೆ ಎಳೆದು, ಜೀನು ತಯಾರಿಕೆಗೆ ಹೆಸರಾದ ಕಾನ್ಪುರಕ್ಕೆ ಕಳುಹಿಸಿದ್ದಾರೆ. ಕೊಂಡಿ ಹಿಂದಕ್ಕಿರಲಿ, ತೊಡೆಗಳ ನಡುವೆ ಬರುವ ಭಾಗ ಕಿರಿದಾಗಿರಲಿ ಎಂಬ ಎರಡು ಬೇಡಿಕೆಗಳೊಂದಿಗೆ. ಬಲ ಸೊಂಟದ ಒಳತಿರುವು ಇಷ್ಟು ವ್ಯಾಯಾಮದ ಮೇಲೂ 18 ಡಿಗ್ರಿ ದಾಟಿಲ್ಲ. ಬಿಗಿದ ಸ್ನಾಯುವಾಗಿದ್ದರೆ ಇಷ್ಟರಲ್ಲಿ ಸಡಿಲಬೇಕಿತ್ತು. ಕೀಲಿನ ಮೂಳೆಯ ಆಕಾರವೇ ಹಾಗಿದ್ದರೆ ಅದನ್ನು ಚಾಚಿ ಬದಲಿಸಲಾಗದು. ಹೊಸ ಜೀನಿನಲ್ಲಿ ಒಂದು ತಿಂಗಳು ಕೂತ ಮೇಲೂ ಒಳತೊಡೆ ಹಿಡಿಯುತ್ತಿದ್ದರೆ ಮೊಣಕಾಲನ್ನು ಬಿಟ್ಟು ಸೊಂಟದ ಎಕ್ಸ್‌ರೇ ತೆಗೆಸಲು ಹೇಳಿದ್ದೇನೆ.